ಕಲಬುರಗಿಯ ಒಂದು ರಕ್ತಕೇಂದ್ರ: ಪ್ರಯೋಗಾಲಯಕ್ಕೆ ಪೂರ್ಣ ಅಂಕ, ಪ್ರಶ್ನಾವಳಿಗೆ ಅರ್ಧ

ರಕ್ತನಿಧಿ ಹೇಗಿದೆ ಎಂದು ಕೇಳಿದರೆ ಕಲಬುರಗಿಯಲ್ಲಿ ಸಿಗುವ ಉತ್ತರ ಎರಡು ಬಗೆಯದು: ಬೇಕಾದ ಗುಂಪಿನ ರಕ್ತ ರಾತ್ರಿ ಹೊತ್ತಿನಲ್ಲೂ ಸಿಗುತ್ತದೆಯೋ ಇಲ್ಲವೋ ಎಂಬುದು ಒಂದು, ಬಾಟಲಿಗೆ ಎಷ್ಟು ರೂಪಾಯಿ ಹಿಡಿಯುತ್ತಾರೆ ಎಂಬುದು ಇನ್ನೊಂದು. ಜೇವರ್ಗಿ, ಆಳಂದ, ಅಫಜಲಪುರ, ಚಿಂಚೋಳಿಗಳಿಂದ ಹೆರಿಗೆಯ ರಕ್ತಸ್ರಾವಕ್ಕೋ ರಸ್ತೆ ಅಪಘಾತಕ್ಕೋ ತುತ್ತಾದವರನ್ನು ಕರೆದುಕೊಂಡು ಓಡಿ ಬರುವ ಸಂಬಂಧಿಕರಿಗೆ ಅದಕ್ಕಿಂತ ಹೆಚ್ಚು ವಿಚಾರಿಸುವ ವ್ಯವಧಾನ ಇರುವುದೂ ಇಲ್ಲ. ಆದರೆ ಆ ಬಾಟಲಿಯೊಳಗಿನ ರಕ್ತವನ್ನು ಕೊಟ್ಟವರನ್ನು ಏನೇನು ಕೇಳಿ ಮಂಚದ ಮೇಲೆ ಮಲಗಿಸಿದರು, ಆಮೇಲೆ ಆ ರಕ್ತವನ್ನು ಯಾವ ಯಾವ ಸೋಂಕಿಗಾಗಿ ಪರೀಕ್ಷಿಸಿದರು ಎಂಬ ವಿಷಯ ರೋಗಿ ಮನೆಗೆ ಮರಳಿದ ಮೇಲೂ ಹತ್ತಿಪ್ಪತ್ತು ವರ್ಷಗಳ ಕಾಲ ಅವನ ಜೊತೆಗಿರುವಂಥದು. ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ಹೊತ್ತಿರುವ ನಾನು, ನಮ್ಮ ಶಿಬಿರಗಳಿಗೆ ಕರೆಸುವ, ಸ್ವತಃ ರಕ್ತ ಕೊಡುವ, ಬಂಧುಗಳಿಗೆ ಅಗತ್ಯ ಬಿದ್ದಾಗ ರಕ್ತ ತಂದಿರುವ ನಗರದ ಒಂದು ಖಾಸಗಿ ರಕ್ತಕೇಂದ್ರವನ್ನು ಈ ಒಂದು ದೃಷ್ಟಿಯಿಂದಲೇ ವಿಮರ್ಶಿಸುತ್ತಿದ್ದೇನೆ. ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿ ಹೇಳುವ ಕೊರತೆಗಳನ್ನು ಅದೊಂದರ ತಲೆಗೇ ಕಟ್ಟುವುದು ನನ್ನ ಉದ್ದೇಶವಲ್ಲ; ಓದುಗರು ತಾವು ಹೋಗುವ ಕೇಂದ್ರವನ್ನೂ ಇದೇ ಪ್ರಶ್ನೆಗಳಿಂದ ಪರೀಕ್ಷಿಸಬಹುದು.

ಮೊದಲು ಪ್ರಯೋಗಾಲಯದ ಮಾತು, ಏಕೆಂದರೆ ಹೊಗಳಲು ಅಲ್ಲಿ ಕಾರಣಗಳಿವೆ. ನಮ್ಮ ದೇಶದಲ್ಲಿ ದಾನವಾಗಿ ಬಂದ ಪ್ರತಿಯೊಂದು ಬ್ಯಾಗ್ ರಕ್ತವನ್ನೂ ಎಚ್‌ಐವಿ 1 ಮತ್ತು 2, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳಿಗಾಗಿ ಪರೀಕ್ಷಿಸಲೇಬೇಕೆಂದು ಕಾನೂನು ಹೇಳುತ್ತದೆ. ಇವುಗಳಲ್ಲಿ ಕೊನೆಯ ಎರಡು ವೈರಸ್ಸಿನಿಂದ ಬರುವವಲ್ಲ. ನಿಜವಾದ ತಲೆನೋವು ಮೊದಲಿನ ಮೂರರದು. ಎಚ್‌ಐವಿ ಪರೀಕ್ಷೆ ನಮ್ಮಲ್ಲಿ 1989ರಲ್ಲಿ ಕಡ್ಡಾಯವಾಯಿತು. ಹೆಪಟೈಟಿಸ್ ಸಿ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ ಆ ವರ್ಷ, ಅದರ ಪರೀಕ್ಷೆ ನಮ್ಮ ರಕ್ತನಿಧಿಗಳಲ್ಲಿ ಕಡ್ಡಾಯವಾಗುವಷ್ಟರಲ್ಲಿ ಹೊಸ ಶತಮಾನ ಕಾಲಿಟ್ಟಿತ್ತು. ತೊಂಬತ್ತರ ದಶಕದಲ್ಲಿ ಶಸ್ತ್ರಚಿಕಿತ್ಸೆಗೋ ಹೆರಿಗೆಗೋ ರಕ್ತ ಹಾಕಿಸಿಕೊಂಡ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಒಮ್ಮೆ ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಈಗ ಅದು ಹೆಚ್ಚಿನವರಲ್ಲಿ ಹನ್ನೆರಡು ವಾರಗಳ ಮಾತ್ರೆಗಳಿಂದ ವಾಸಿಯಾಗುವ ಕಾಯಿಲೆ, ಮತ್ತು 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಔಷಧಿ ಉಚಿತ.

ಪರೀಕ್ಷೆಯ ವಿಧಾನವೂ ಮುಖ್ಯ. ಎರಡು ಹನಿ ರಕ್ತ ಹಾಕಿ ಕಾಲು ಗಂಟೆಯಲ್ಲಿ ಗೆರೆ ನೋಡುವ ರ‍್ಯಾಪಿಡ್ ಕಿಟ್ ಒಂದು ಬಗೆ. ಯಂತ್ರದಲ್ಲಿ ಬಣ್ಣದ ಗಾಢತೆಯನ್ನು ಅಳೆದು ಅಂಕಿಯಲ್ಲಿ ಉತ್ತರ ಕೊಡುವ ಎಲೈಸಾ ಇನ್ನೊಂದು ಬಗೆ. ಎಲೈಸಾ ತಟ್ಟೆಯಲ್ಲಿ 96 ಸಣ್ಣ ಗುಳಿಗಳಿರುತ್ತವೆ. ಕೆಲವು ಗುಳಿಗಳಲ್ಲಿ ಸೋಂಕು ಇದೆಯೆಂದೂ ಇಲ್ಲವೆಂದೂ ಮೊದಲೇ ಗೊತ್ತಿರುವ ಮಾದರಿಗಳನ್ನು ಹಾಕಿ, ಅವು ಸರಿಯಾದ ಉತ್ತರ ಕೊಟ್ಟರೆ ಮಾತ್ರ ಉಳಿದ ಗುಳಿಗಳ ಉತ್ತರವನ್ನು ನಂಬುತ್ತಾರೆ. ಇಡೀ ಕೆಲಸಕ್ಕೆ ಎರಡು ಮೂರು ಗಂಟೆ ಹಿಡಿಯುತ್ತದೆ. ಈ ಕೇಂದ್ರದಲ್ಲಿ ಮೂರೂ ವೈರಸ್ಸುಗಳಿಗೆ ಎಲೈಸಾ ಮಾಡುತ್ತಾರೆ, ಎಚ್‌ಐವಿಗೆ ಪ್ರತಿಕಾಯದ (ಸೋಂಕಿಗೆ ಎದುರಾಗಿ ದೇಹ ತಯಾರಿಸುವ ಪ್ರೋಟೀನು) ಜೊತೆಗೆ ಪಿ24 ಪ್ರತಿಜನಕವನ್ನೂ (ವೈರಸ್ಸಿನದೇ ಒಂದು ಪ್ರೋಟೀನು) ಹುಡುಕುವ ನಾಲ್ಕನೇ ತಲೆಮಾರಿನ ಕಿಟ್ ಬಳಸುತ್ತಾರೆ, ಯಂತ್ರ ಮುದ್ರಿಸಿದ ಚೀಟಿಯನ್ನು ದಿನಾಂಕದೊಡನೆ ದಾಖಲೆ ಪುಸ್ತಕಕ್ಕೆ ಅಂಟಿಸಿಡುತ್ತಾರೆ. ಶಿಬಿರದ ಸಂಘಟಕನೆಂಬ ಸಲಿಗೆಯಿಂದ ಒಳಗೆ ಹೋಗಿ ನೋಡಲು ಕೇಳಿದಾಗ ಒಬ್ಬ ತಂತ್ರಜ್ಞರು ಇದನ್ನೆಲ್ಲ ಬೇಸರವಿಲ್ಲದೆ ತೋರಿಸಿದರು. ಪರೀಕ್ಷೆ ಮುಗಿಯದ ಬ್ಯಾಗುಗಳಿಗೆ ಬೇರೆ ಫ್ರಿಜ್ ಇದೆ, ಅದಕ್ಕೆ ಬೀಗವಿದೆ, ಬೀಗದ ಕೈ ವಿತರಣೆ ಮಾಡುವವರ ಬಳಿ ಇರುವುದಿಲ್ಲ. ಸೋಂಕಿನ ಅನುಮಾನ ಬಂದ ಬ್ಯಾಗನ್ನು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕಾಯಿಸಿ) ಹಳದಿ ಚೀಲಕ್ಕೆ ಹಾಕಿ ಕಳಿಸುವವರೆಗೂ ಅದರ ಸಂಖ್ಯೆಯನ್ನು ಬರೆದಿಡುತ್ತಾರೆ. ರೋಗಿಯ ಕಡೆಯವರು ಎಷ್ಟೇ ಅವಸರಪಡಿಸಿದರೂ ಪರೀಕ್ಷೆ ಮುಗಿಯದ ರಕ್ತವನ್ನು ಅವರು ಕೊಡುವುದಿಲ್ಲ. ಕೌಂಟರಿನ ಮುಂದೆ ಈ ಕಾರಣಕ್ಕೆ ಜಗಳವಾದದ್ದನ್ನು ನಾನು ನೋಡಿದ್ದೇನೆ, ಮತ್ತು ಆ ಜಗಳದಲ್ಲಿ ಬಗ್ಗದಿದ್ದ ಸಿಬ್ಬಂದಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಶಿಸ್ತಿನ ಪ್ರಯೋಗಾಲಯಕ್ಕೂ ಕಾಣದ ಒಂದು ಅವಧಿಯಿದೆ. ವೈರಸ್ಸು ದೇಹ ಹೊಕ್ಕ ದಿನದಿಂದ ಪರೀಕ್ಷೆಗೆ ಸಿಗುವ ದಿನದವರೆಗಿನ ಈ ಕಾಲವನ್ನು ವಿಂಡೋ ಅವಧಿ ಎನ್ನುತ್ತಾರೆ. ಎಚ್‌ಐವಿಗೆ ಬರೀ ಪ್ರತಿಕಾಯ ಹುಡುಕುವ ಎಲೈಸಾದಲ್ಲಿ ಇದು ಸುಮಾರು ಮೂರು ವಾರ, ಪ್ರತಿಜನಕವನ್ನೂ ಹುಡುಕುವ ಕಿಟ್‌ನಲ್ಲಿ ಸುಮಾರು ಎರಡು ವಾರ. ಹೆಪಟೈಟಿಸ್ ಬಿ ವೈರಸ್ಸಿನ ಮೇಲ್ಮೈ ಪ್ರತಿಜನಕ ಕಾಣಿಸಿಕೊಳ್ಳಲು ಒಂದು ತಿಂಗಳಿಗಿಂತ ಹೆಚ್ಚು ಸಮಯ ಬೇಕು, ಹೆಪಟೈಟಿಸ್ ಸಿ ಪ್ರತಿಕಾಯಕ್ಕೆ ಸುಮಾರು ಎರಡು ತಿಂಗಳು. ಅಷ್ಟು ದಿನ ದಾನಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತಾನೆ, ಯಂತ್ರ ಅವನ ರಕ್ತವನ್ನು ಶುದ್ಧವೆನ್ನುತ್ತದೆ, ಆದರೆ ಆ ರಕ್ತ ಸೋಂಕನ್ನು ದಾಟಿಸಬಲ್ಲದು. ಇಂಥ ದಾನಿಯನ್ನು ತಡೆಯಲು ಇರುವ ಮುಖ್ಯ ಅಡ್ಡಗಟ್ಟೆಯೆಂದರೆ ಸೂಜಿ ಚುಚ್ಚುವ ಮೊದಲು ಕೇಳುವ ಪ್ರಶ್ನೆಗಳು ಮತ್ತು ಅವುಗಳಿಗೆ ಅವನು ಕೊಡುವ ಪ್ರಾಮಾಣಿಕ ಉತ್ತರ. ಹಾಗಾಗಿ ಅರ್ಜಿ ತುಂಬಿಸುವ ಮೇಜು ಎಲೈಸಾ ಯಂತ್ರದಷ್ಟೇ ಬೆಲೆಯುಳ್ಳ ಉಪಕರಣ. ಈ ಕೇಂದ್ರ ಸೋಲುವುದು ಆ ಮೇಜಿನಲ್ಲಿ.

ರಾಷ್ಟ್ರೀಯ ರಕ್ತ ವರ್ಗಾವಣೆ ಪರಿಷತ್ತಿನ 2017ರ ಮಾರ್ಗಸೂಚಿಯಂತೆ ದಾನಿಗೆ ಕನಿಷ್ಠ 18 ವರ್ಷ ವಯಸ್ಸು, 45 ಕೆ.ಜಿ. ತೂಕ, 12.5 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಗಂಡಸರಾದರೆ ಹಿಂದಿನ ದಾನದಿಂದ 90 ದಿನ, ಹೆಂಗಸರಾದರೆ 120 ದಿನ ಕಳೆದಿರಬೇಕು. ಇವನ್ನೆಲ್ಲ ಕೇಂದ್ರ ನಿಷ್ಠೆಯಿಂದ ನೋಡುತ್ತದೆ. ತೂಕದ ಯಂತ್ರ, ಬಿ.ಪಿ. ಉಪಕರಣ, ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುವ ಸಾಧನ ಎಲ್ಲವೂ ಇವೆ, ಮತ್ತು ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮ ಭಾಗದಲ್ಲಿ ಹುಡುಗಿಯರಲ್ಲಿ ಅನೇಕರು ಆ ಹಂತದಲ್ಲೇ ಹಿಂದಿರುಗುತ್ತಾರೆ. ಆದರೆ ಅಳೆಯಲಾಗದ, ಕೇಳಿಯೇ ತಿಳಿಯಬೇಕಾದ ಸಂಗತಿಗಳು ಬಂದಾಗ ಮೇಜಿನ ಹಿಂದೆ ಕುಳಿತವರ ಉತ್ಸಾಹ ಇಳಿಯುತ್ತದೆ. ಕಳೆದ ಹನ್ನೆರಡು ತಿಂಗಳಲ್ಲಿ ಹಚ್ಚೆ ಹಾಕಿಸಿಕೊಂಡಿದ್ದೀರಾ, ಕಿವಿ ಮೂಗು ಚುಚ್ಚಿಸಿಕೊಂಡಿದ್ದೀರಾ, ರಕ್ತ ಹಾಕಿಸಿಕೊಂಡಿದ್ದೀರಾ, ದೊಡ್ಡ ಶಸ್ತ್ರಚಿಕಿತ್ಸೆ ಆಗಿದೆಯೇ, ಕಾಮಣಿ (ಕಾಮಾಲೆ) ಆಗಿತ್ತೇ, ಕಾಮಣಿಯಾದವರ ಜೊತೆ ಒಂದೇ ಮನೆಯಲ್ಲಿದ್ದಿರಾ, ಒಬ್ಬರಿಗಿಂತ ಹೆಚ್ಚು ಜನರೊಡನೆ ಲೈಂಗಿಕ ಸಂಪರ್ಕವಿದೆಯೇ, ಯಾವತ್ತಾದರೂ ಮಾದಕ ವಸ್ತುವನ್ನು ಚುಚ್ಚಿಕೊಂಡಿದ್ದೀರಾ: ಇವು ಕೇಳಬೇಕಾದ ಪ್ರಶ್ನೆಗಳು. ಅರ್ಜಿಯಲ್ಲಿ ಇವೆಲ್ಲ ಅಚ್ಚಾಗಿವೆ. ನಮ್ಮ ಶಿಬಿರದಲ್ಲಿ ನಡೆದದ್ದು ಮಾತ್ರ ಬೇರೆ. ಸ್ವಯಂಸೇವಕನೊಬ್ಬ ಹುಡುಗರ ಸಾಲಿಗೆ ಅರ್ಜಿಗಳನ್ನು ಹಂಚಿ, «ಎಲ್ಲಾದಕ್ಕೂ ಇಲ್ಲ ಅಂತ ಟಿಕ್ ಹಾಕ್ಕೋತ ಹೋಗ್ರಿ, ಲಗೂನ ಆಗ್ತದ» ಎಂದು ಕೂಗಿ ಹೇಳಿದ. ಕೇಂದ್ರದ ಸಿಬ್ಬಂದಿ ಅದನ್ನು ಕೇಳಿಸಿಕೊಂಡೂ ತಡೆಯಲಿಲ್ಲ.

ಪ್ರಶ್ನೆಗಳು ನಮ್ಮ ಊರಿನ ಬದುಕಿಗೆ ಎಷ್ಟು ಹತ್ತಿರದವು ಎಂಬುದನ್ನು ಯೋಚಿಸಿದರೆ ಈ ಉಪೇಕ್ಷೆ ಇನ್ನಷ್ಟು ಚುಚ್ಚುತ್ತದೆ. ಹೋಳಿ ಮುಗಿದ ಬೆನ್ನಿಗೆ ಬರುವ ಶರಣಬಸವೇಶ್ವರ ಜಾತ್ರೆಯಂಥ ಸಂದರ್ಭಗಳಲ್ಲಿ ಹುಡುಗರು ಕೈ ಮೇಲೆ ಹಚ್ಚೆ ಹಾಕಿಸಿಕೊಂಡು ಬರುತ್ತಾರೆ. ಬಯಲಿನಲ್ಲಿ ಕುಳಿತು ಹಚ್ಚೆ ಹಾಕುವವನು ಒಬ್ಬರಿಂದ ಇನ್ನೊಬ್ಬರಿಗೆ ಸೂಜಿ ಬದಲಿಸಿದನೋ ಇಲ್ಲವೋ ಎಂದು ಯಾರೂ ನೋಡಿರುವುದಿಲ್ಲ. ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲಿಯೂ ವಾರದಷ್ಟು ಕಾಲ ಸೋಂಕು ಹರಡುವ ಶಕ್ತಿ ಉಳಿಸಿಕೊಳ್ಳುತ್ತದೆ. ಕಾಮಣಿಯ ವಿಷಯದಲ್ಲಿಯೂ ಹೀಗೆಯೇ. ಹಳ್ಳಿಗಳಲ್ಲಿ ಕಾಮಣಿಗೆ ಸೊಪ್ಪಿನ ಔಷಧಿ ಕುಡಿದು ಪಥ್ಯ ಮಾಡಿ ಎದ್ದವರಿಗೆ ಅದು ನೀರಿನಿಂದ ಬಂದ ಹೆಪಟೈಟಿಸ್ ಎ ಅಥವಾ ಇಯೋ, ರಕ್ತದಿಂದ ಬರುವ ಬಿ ಅಥವಾ ಸಿಯೋ ಎಂದು ಗೊತ್ತಿರುವುದಿಲ್ಲ. ಎ ಮತ್ತು ಇ ಆಗಿದ್ದರೆ ಹನ್ನೆರಡು ತಿಂಗಳ ನಂತರ ರಕ್ತ ಕೊಡಬಹುದು, ಬಿ ಅಥವಾ ಸಿ ಆಗಿದ್ದರೆ ಎಂದಿಗೂ ಕೊಡುವಂತಿಲ್ಲ. ಇದನ್ನು ಬಿಡಿಸಿ ಕೇಳಬಲ್ಲವರು ವೈದ್ಯರು ಅಥವಾ ತರಬೇತಿ ಪಡೆದ ಆಪ್ತಸಮಾಲೋಚಕರು. ಟಿಕ್ ಗುರುತು ಕೇಳಲಾರದು. ಮೇಲಾಗಿ ಅರ್ಜಿ ಇರುವುದು ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ. ಸೇಡಂ ಕಡೆಯಿಂದ ತೆಲುಗು ಮನೆಮಾತಿನವರು, ಆಳಂದ ಕಡೆಯಿಂದ ಮರಾಠಿಯವರು, ನಗರದೊಳಗಿನಿಂದಲೇ ಉರ್ದು ಓದಿದವರು ಬರುವ ಕೇಂದ್ರದಲ್ಲಿ ಇದು ಸಣ್ಣ ಕೊರತೆಯಲ್ಲ, ಸರಿಪಡಿಸಲು ದೊಡ್ಡ ಖರ್ಚೂ ಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಏಕಾಂತದ್ದು. ದಾನಕ್ಕೆ ಮುಂಚಿನ ಮಾತುಕತೆ ಬೇರೆಯವರ ಕಿವಿಗೆ ಬೀಳದಂತೆ ನಡೆಯಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಕೇಂದ್ರದೊಳಗೆ ಅದಕ್ಕೊಂದು ಸಣ್ಣ ಕೋಣೆಯಿದೆ. ಆದರೆ ನಾನು ಹೋದಾಗಲೆಲ್ಲ ಅಲ್ಲಿ ಬಿಸ್ಕತ್ತಿನ ಪೆಟ್ಟಿಗೆಗಳನ್ನೂ ಹಳೆಯ ಬ್ಯಾನರುಗಳನ್ನೂ ಜೋಡಿಸಿಟ್ಟಿದ್ದರು. ಶಿಬಿರಗಳಲ್ಲಂತೂ ಮೇಜು ಸಭಾಂಗಣದ ಬಾಗಿಲಲ್ಲೇ ಇರುತ್ತದೆ, ಹಿಂದೆ ಹತ್ತು ಜನ ಗೆಳೆಯರು, ಪಕ್ಕದಲ್ಲಿ ಪ್ರಾಂಶುಪಾಲರು, ಎದುರಿಗೆ ಫೋಟೊ ತೆಗೆಯುವವರು. ಇಪ್ಪತ್ತು ವರ್ಷದ ಹುಡುಗನೊಬ್ಬ ಅಲ್ಲಿ ನಿಂತು ತನ್ನ ಖಾಸಗಿ ಬದುಕಿನ ಬಗ್ಗೆ ನಿಜ ಹೇಳುತ್ತಾನೆಂದು ನಿರೀಕ್ಷಿಸುವುದೇ ತಪ್ಪು. ಅವನು ಸುಳ್ಳು ಹೇಳಿ ರಕ್ತ ಕೊಟ್ಟರೆ ಆ ಸುಳ್ಳಿನಲ್ಲಿ ಕೇಂದ್ರದ ಪಾಲೂ ಇದೆ. ಇದೇ ಪ್ರಶ್ನಾವಳಿಯ ಬಗ್ಗೆ ಇನ್ನೊಂದು ಮಾತು ಸೇರಿಸಬೇಕು: 2017ರ ಮಾರ್ಗಸೂಚಿ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸಲಿಂಗಿ ಪುರುಷರನ್ನೂ ಅವರ ನಡವಳಿಕೆ ವಿಚಾರಿಸದೆ ಸಾರಾಸಗಟಾಗಿ ಹೊರಗಿಡುತ್ತದೆ, ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಅಪಾಯದ ನಡವಳಿಕೆಯನ್ನು ಎಲ್ಲರಿಗೂ ಒಂದೇ ರೀತಿ ಕೇಳುವ ಕ್ರಮವೇ ಹೆಚ್ಚು ಸುರಕ್ಷಿತ ಎಂದು ನನಗನ್ನಿಸುತ್ತದೆ. ಆದರೆ ಆ ಕ್ರಮಕ್ಕೂ ಮೊದಲು ಬೇಕಾದದ್ದು ಬಾಗಿಲಿರುವ ಒಂದು ಕೋಣೆ.

ಪರೀಕ್ಷೆಯಲ್ಲಿ ಅನುಮಾನ ಬಂದ ಮೇಲೆ ದಾನಿಯನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಸೇವೆಯ ಇನ್ನೊಂದು ಭಾಗ. ಇಲ್ಲಿ ಓದುಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ರಕ್ತಕೇಂದ್ರದ ಪರೀಕ್ಷೆಯ ಗುರಿ ರೋಗಿಯನ್ನು ಕಾಪಾಡುವುದಾದ್ದರಿಂದ, ಅದು ಚೂರು ಅನುಮಾನ ಬಂದರೂ ಬ್ಯಾಗನ್ನು ಎಸೆಯುವಂತೆ ರೂಪುಗೊಂಡಿದೆ. ಸೋಂಕೇ ಇಲ್ಲದವರ ರಕ್ತವೂ ಕೆಲವೊಮ್ಮೆ ಅದರಲ್ಲಿ ರಿಯಾಕ್ಟಿವ್, ಅಂದರೆ ಸೋಂಕಿರಬಹುದು, ಎಂದು ಬರುತ್ತದೆ. ಹೀಗಾಗಿ ಆ ಫಲಿತಾಂಶ ರೋಗನಿರ್ಣಯವಲ್ಲ. ಎಚ್‌ಐವಿಯ ಅನುಮಾನವಿದ್ದರೆ ದಾನಿಯನ್ನು ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ, ಕಳಿಸಬೇಕು. ಅಲ್ಲಿ ಬೇರೆ ಬೇರೆ ತತ್ವದ ಮೂರು ಪರೀಕ್ಷೆಗಳ ನಂತರವೇ ಸೋಂಕು ಇದೆಯೆಂದು ಹೇಳುತ್ತಾರೆ. ಹೆಪಟೈಟಿಸ್ ಆದರೆ ವೈದ್ಯರ ಬಳಿಗೆ ಕಳಿಸಬೇಕು; ದಾನಿಗಳಲ್ಲಿ ಹೆಚ್ಚಾಗಿ ಪತ್ತೆಯಾಗುವುದು ಹೆಪಟೈಟಿಸ್ ಬಿ, ಮತ್ತು ಅದು ಗೊತ್ತಾದರೆ ಮನೆಯ ಉಳಿದವರಿಗೆ ಲಸಿಕೆ ಹಾಕಿಸಬಹುದು. ಫಲಿತಾಂಶ ತಿಳಿಯಬೇಕೇ ಬೇಡವೇ ಎಂದು ಅರ್ಜಿಯಲ್ಲೇ ದಾನಿಯನ್ನು ಕೇಳಿರುತ್ತಾರೆ. ಬೇಕು ಎಂದವರಿಗೆ ಅದನ್ನು ಖುದ್ದಾಗಿ, ಗುಟ್ಟಾಗಿ ತಿಳಿಸುವುದು ಕೇಂದ್ರದ ಕರ್ತವ್ಯ. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸುತ್ತದೆ.

ಈ ಕೇಂದ್ರದ ಆಪ್ತಸಮಾಲೋಚಕಿ ಈ ಕೆಲಸವನ್ನು ತಿಳಿದು ಮಾಡುವವರು. ಅವರಿದ್ದ ದಿನ ಕರೆ ಬಂದರೆ ಧ್ವನಿಯಲ್ಲಿ ಗಾಬರಿ ಇರುವುದಿಲ್ಲ, ಇನ್ನೊಮ್ಮೆ ಮಾದರಿ ಬೇಕಾಗಿದೆ ಎಂದಷ್ಟೇ ಹೇಳಿ ಕರೆಸಿಕೊಳ್ಳುತ್ತಾರೆ. ತೊಂದರೆ ಅವರಿಲ್ಲದ ದಿನದ್ದು. ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿ ಅರ್ಜಿಯಲ್ಲಿ ಮನೆಯ ನಂಬರನ್ನು ಬರೆದಿದ್ದ. ಕರೆ ಮಾಡಿದವರು ಫೋನೆತ್ತಿದ ತಂದೆಗೆ «ನಿಮ್ಮ ಹುಡುಗನ ರಕ್ತದಾಗ ದೋಷ ಅದರಿ, ನಾಳೆ ಕಳಸ್ರಿ» ಎಂದುಬಿಟ್ಟರು. ಯಾವ ದೋಷವೆಂದು ಹೇಳಲಿಲ್ಲ, ಆದರೆ ಊರಿನಲ್ಲಿ ಊಹೆಗೆ ಬರವಿಲ್ಲ. ಆ ಹುಡುಗ ಮತ್ತೆ ಪರೀಕ್ಷೆ ಮಾಡಿಸಿ ಯಾವ ಸೋಂಕೂ ಇಲ್ಲವೆಂದು ಖಚಿತವಾಗುವವರೆಗೆ ಮನೆಯಲ್ಲಿ ಒಲೆ ಹೊತ್ತಲಿಲ್ಲವೆಂದು ಅವನೇ ನನಗೆ ಹೇಳಿದ. ದೂರು ಕೊಟ್ಟಾಗ ವ್ಯವಸ್ಥಾಪಕರು ತಪ್ಪೊಪ್ಪಿಕೊಂಡರು. ಈಗ ಅರ್ಜಿಯಲ್ಲಿ «ದಾನಿಯ ಸ್ವಂತ ಮೊಬೈಲ್» ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ. ಅದು ಒಳ್ಳೆಯ ಬದಲಾವಣೆಯೇ. ಕರೆ ಮಾಡುವ ಎಲ್ಲರಿಗೂ ತರಬೇತಿ ಕೊಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು.

ಇನ್ನು ನ್ಯಾಟ್ ಪರೀಕ್ಷೆಯ ವಿಷಯ. ಪ್ರತಿಕಾಯಕ್ಕಾಗಿ ಕಾಯದೆ ವೈರಸ್ಸಿನ ಆರ್‌ಎನ್‌ಎ ಅಥವಾ ಡಿಎನ್‌ಎಯನ್ನೇ ಹುಡುಕುವ ಈ ವಿಧಾನ ಎಚ್‌ಐವಿಯ ವಿಂಡೋ ಅವಧಿಯನ್ನು ಒಂದು ವಾರ ಹತ್ತು ದಿನಕ್ಕೂ, ಹೆಪಟೈಟಿಸ್ ಸಿಯದನ್ನು ಎರಡು ತಿಂಗಳಿನಿಂದ ಒಂದೆರಡು ವಾರಕ್ಕೂ ಇಳಿಸುತ್ತದೆ. ಮೇಲ್ಮೈ ಪ್ರತಿಜನಕ ಕಾಣಿಸದೆ ಅಡಗಿ ಕುಳಿತ ಹೆಪಟೈಟಿಸ್ ಬಿಯನ್ನೂ ಅದು ಎಷ್ಟೋ ಬಾರಿ ಹಿಡಿಯುತ್ತದೆ. ಭಾರತದಲ್ಲಿ ನ್ಯಾಟ್ ಕಡ್ಡಾಯವಲ್ಲ, ಖರ್ಚಿನದು, ಮತ್ತು ಈ ಕೇಂದ್ರದಲ್ಲಿ ಆ ಸೌಲಭ್ಯವಿಲ್ಲ. ಇದಕ್ಕಾಗಿ ನಾನು ಅಂಕ ಕಳೆಯುವುದಿಲ್ಲ, ಆದರೆ ಕೌಂಟರಿನಲ್ಲಿ ಈ ಮಾತನ್ನು ಕೇಳದ ಹೊರತು ಹೇಳದಿರುವುದಕ್ಕೆ ಕಳೆಯುತ್ತೇನೆ. ವರ್ಷಕ್ಕೊಮ್ಮೆ ಒಂದು ಬಾಟಲಿ ಪಡೆಯುವವರಿಗೆ ವ್ಯತ್ಯಾಸ ತೀರಾ ಸಣ್ಣದು. ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲೇಬೇಕಾದ ಥಲಸ್ಸೇಮಿಯಾ ಮಕ್ಕಳ ವಿಷಯದಲ್ಲಿ ಆ ಸಣ್ಣ ಅಪಾಯ ಪ್ರತಿ ಬಾಟಲಿಗೂ ಕೂಡುತ್ತಾ ಹೋಗುತ್ತದೆ. ಅಂಥ ಮಕ್ಕಳ ತಂದೆತಾಯಿಗೆ ನನ್ನ ಸಲಹೆ ಎರಡು: ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಪೂರ್ಣವಾಗಿ ಆಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು, ನ್ಯಾಟ್ ಆದ ರಕ್ತ ಎಲ್ಲಿ ಸಿಗುತ್ತದೆ ಎಂದು ಚಿಕಿತ್ಸೆ ನೀಡುವ ವೈದ್ಯರನ್ನೇ ನೇರವಾಗಿ ಕೇಳಬೇಕು.

ರಕ್ತ ಪಡೆಯಲು ಹೋದಾಗ ಎದುರಾಗುವ ಬದಲಿ ದಾನಿಯ ಒತ್ತಾಯವನ್ನು ಸೇವೆಯ ಲೋಪವೆಂದೇ ನಾನು ಎಣಿಸುತ್ತೇನೆ. ಒಂದು ಬಾಟಲಿ ಬೇಕಾದರೆ ಒಬ್ಬರನ್ನು ಕರೆತನ್ನಿ ಎಂಬ ಮಾತು ನ್ಯಾಯವಾಗಿಯೇ ಕೇಳಿಸುತ್ತದೆ, ಅದರಲ್ಲೂ ಕಾಲೇಜುಗಳಿಗೆ ರಜೆಯಿದ್ದು ಬಿಸಿಲು 42 ಡಿಗ್ರಿ ಮುಟ್ಟಿ ಶಿಬಿರಗಳೇ ನಿಂತುಹೋಗುವ ಏಪ್ರಿಲ್, ಮೇ ತಿಂಗಳಲ್ಲಿ. ಆದರೆ ಐಸಿಯು ಬಾಗಿಲಲ್ಲಿ ಅಕ್ಕನನ್ನು ಬಿಟ್ಟು ಬಂದ ತಮ್ಮ ಆರು ತಿಂಗಳ ಹಿಂದಿನ ಹಚ್ಚೆಯನ್ನು ಒಪ್ಪಿಕೊಳ್ಳುತ್ತಾನೆಯೇ? ಒಪ್ಪಿಕೊಂಡರೆ ರಕ್ತ ಸಿಗದು ಎಂದೇ ಅವನು ತಿಳಿದಿರುತ್ತಾನೆ. ತಮ್ಮನೂ ಇಲ್ಲದವರು ಹಣ ಕೊಟ್ಟು ಯಾರನ್ನೋ ಕರೆತಂದು «ನಮ್ಮ ಕಾಕಾನ ಮಗ» ಎನ್ನುತ್ತಾರೆ. ಹಣಕ್ಕೆ ರಕ್ತ ಕೊಡುವ ದಂಧೆಯನ್ನು ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ನಿಷೇಧಿಸಲಾಗಿದೆ. ಅದು ಹಿಂಬಾಗಿಲಿನಿಂದ ಒಳಬರುವುದು ಈ ಒತ್ತಾಯದ ಮೂಲಕವೇ. ಒತ್ತಾಯವಿಲ್ಲದೆ, ಮತ್ತೆ ಮತ್ತೆ, ತಾವಾಗಿಯೇ ಬರುವ ದಾನಿಗಳ ರಕ್ತವೇ ಹೆಚ್ಚು ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕೇಂದ್ರದವರು ಬದಲಿ ದಾನಿಯನ್ನು ಕಡ್ಡಾಯವೆನ್ನುವುದಿಲ್ಲ, ನಿಜ. ಆದರೆ ಕೌಂಟರಿನಲ್ಲಿ ಮೊದಲು ಕೇಳುವುದು ಅದನ್ನೇ.

ಶುಲ್ಕದಲ್ಲಿ ದೂರಲು ಏನೂ ಇಲ್ಲ. ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ, ಪರೀಕ್ಷೆ ಮತ್ತು ಸಂಸ್ಕರಣೆಯ ವೆಚ್ಚವನ್ನಷ್ಟೇ ಪಡೆಯಬಹುದು. ಖಾಸಗಿ ಕೇಂದ್ರಗಳಲ್ಲಿ ಪೂರ್ಣ ರಕ್ತ ಅಥವಾ ಕೆಂಪು ಕಣಗಳ ಒಂದು ಬ್ಯಾಗಿಗೆ 1,550 ರೂಪಾಯಿ, ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್‌ಗೆ ತಲಾ 400 ರೂಪಾಯಿ ಎಂದು ಪರಿಷತ್ತಿನ 2022ರ ಪರಿಷ್ಕೃತ ಪಟ್ಟಿ ಮಿತಿ ಹಾಕಿದೆ. ನಮ್ಮಿಂದ ಅದಕ್ಕಿಂತ ಹೆಚ್ಚು ಪಡೆದಿಲ್ಲ, ರಸೀದಿಯನ್ನು ಕೇಳುವ ಮೊದಲೇ ಕೊಟ್ಟಿದ್ದಾರೆ, ದರಪಟ್ಟಿ ಗೋಡೆಯ ಮೇಲಿದೆ. ಥಲಸ್ಸೇಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರೋಗಿಗಳಿಗೆ ರಕ್ತ ಉಚಿತ ಎಂಬ ಸಾಲು ಮಾತ್ರ ಪಟ್ಟಿಯ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿದೆ.

ಒಟ್ಟಿನಲ್ಲಿ ರಕ್ತ ಪಡೆಯುವವರು ಇಲ್ಲಿಗೆ ಹೋಗಬಹುದು. ಬ್ಯಾಗಿನ ಮೇಲಿನ ಚೀಟಿಯಲ್ಲಿ ಐದೂ ಪರೀಕ್ಷೆಗಳ ಫಲಿತಾಂಶ, ರಕ್ತ ತೆಗೆದ ದಿನಾಂಕ ಮತ್ತು ಅವಧಿ ಮುಗಿಯುವ ದಿನಾಂಕ ಇರುತ್ತದೆ, ಅದನ್ನು ಒಮ್ಮೆ ಓದಿಕೊಂಡು ತೆಗೆದುಕೊಳ್ಳಬೇಕು. ರಕ್ತ ಕೊಡುವವರು ಶಿಬಿರಕ್ಕಿಂತ ಕೇಂದ್ರಕ್ಕೇ ಹೋಗುವುದು ಮೇಲು, ಅದೂ ಆಪ್ತಸಮಾಲೋಚಕಿ ಇರುವ ಹಗಲು ಹೊತ್ತಿನಲ್ಲಿ. ಗೆಳೆಯರ ಮುಂದೆ ಇಲ್ಲವೆನ್ನಲಾಗದೆ ರಕ್ತ ಕೊಟ್ಟು ಬಂದವರು ಆ ದಿನವೇ ಕೇಂದ್ರಕ್ಕೆ ಫೋನ್ ಮಾಡಿ ನನ್ನ ಬ್ಯಾಗನ್ನು ಬಳಸಬೇಡಿ ಎಂದು ಹೇಳಬಹುದು; ಕಾರಣ ಕೇಳದೆ ಆ ಬ್ಯಾಗನ್ನು ಬದಿಗಿಡುವುದಾಗಿ ವ್ಯವಸ್ಥಾಪಕರು ನನಗೆ ಹೇಳಿದ್ದಾರೆ, ಆದರೆ ಆ ನಂಬರನ್ನು ಯಾವ ದಾನಿಗೂ ಬರೆದುಕೊಡುವುದಿಲ್ಲ. ನಮ್ಮ ಮುಂದಿನ ಶಿಬಿರಕ್ಕೆ ಅವರನ್ನೇ ಕರೆಸುತ್ತಿದ್ದೇವೆ. ಮಾತುಕತೆಗೆ ಪ್ರತ್ಯೇಕ ಕೊಠಡಿಯನ್ನು ಕಾಲೇಜು ಬಿಟ್ಟುಕೊಡುತ್ತದೆ, ಅರ್ಜಿಯನ್ನು ಸ್ವಯಂಸೇವಕರು ಹಂಚುವುದಿಲ್ಲ, ಆ ಫೋನ್ ನಂಬರನ್ನು ಪ್ರಮಾಣಪತ್ರದ ಹಿಂಬದಿಯಲ್ಲಿ ಅಚ್ಚು ಹಾಕಿಸಿ ತರಬೇಕು ಎಂಬ ಷರತ್ತುಗಳನ್ನು ಪತ್ರದಲ್ಲಿ ಬರೆದು ಕಳಿಸಿದ್ದೇವೆ. ಮೊದಲಿನ ಎರಡಕ್ಕೆ ಅವರು ಒಪ್ಪಿದ್ದಾರೆ; ಮೂರನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ.